ಎಡೆಗೆ ಇಟ್ಟ ಹಾಡು

ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಚಿಕ್ಕಮಗಳೂರಿನಲ್ಲಿ ಕಾಲೇಜು ಓದುವಾಗ ಕೊಂಡ ಒಂದು ಇಂಗ್ಲಿಷ್ ಹಾಡಿನ ಕ್ಯಾಸೆಟ್ಟಿನ ಹುಚ್ಚು ಅವನನ್ನು ಸಾಯುವವರೆಗೂ ಬಿಡಲಿಲ್ಲ. ತಬಲವಿಲ್ಲ, ಪಿಟೀಲಿಲ್ಲ, ತಾಳವೂ ವಾದ್ಯವೂ ಎಲ್ಲ ಕರೆಂಟಿನ ಯಂತ್ರದ್ದೇ, ಟಿಕ್ ಟಿಕ್ ಎಂದು ಓಡುತ್ತಲೇ ಇರುತ್ತದೆ. ಅದರ ನಡುವೆ ಒಬ್ಬ ಗಂಡಸು ಎದೆ ಬಿಚ್ಚಿ ಅಳುವವನಂತೆ ಹಾಡುತ್ತಾನೆ. ಇದರಲ್ಲಿ ಏನು ಮಣ್ಣಿದೆಯೋ ಎಂದು ನಾನು ರೇಗುತ್ತಿದ್ದೆ. ಅಣ್ಣ ಬಣಕಲ್ಲಿನ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುತ್ತ, ಅದರ ಸದ್ದಿನ ಮೇಲೆಯೇ ಆ ಹಾಡು ಹೇಳುತ್ತಿದ್ದ. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದೆ. ಮಿಷನ್ನಿಗೆ ಯಾರ ದುಃಖವೂ ಬೇಕಿಲ್ಲ, ಆದರೂ ಮನುಷ್ಯ ಅದರ ತಾಳಕ್ಕೇ ತನ್ನ ದುಃಖ ಹೇಳಿಕೊಳ್ಳುತ್ತಿದ್ದ. ಅಂದಿನಿಂದ ನನಗೂ ಆ ಹುಚ್ಚು ಹಿಡಿಯಿತು.

ನಮ್ಮ ಕಡೆಯ ಮಳೆಗೆ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ಕೊಯ್ಲು ಶುರುವಾದಾಗ ಅಣ್ಣ ಅದನ್ನು ಕಾಫಿ ಒಣಗಿಸುವ ಕಣದಲ್ಲಿ, ಬೀಜದ ಪಕ್ಕದಲ್ಲೇ ಬಿಸಿಲಿಗಿಟ್ಟು ಊಟಕ್ಕೆ ಹೋದ. ಕಣದಲ್ಲಿ ಒಣಗಿದ್ದು ಕೆಡುವುದಿಲ್ಲ ಎಂಬುದು ತೋಟದವರ ನಂಬಿಕೆ. ಮಹಾನುಭಾವ! ಟೇಪು ಕಾದು ಸೊಟ್ಟಗಾಯಿತು. ಆಮೇಲೆ ಅಣ್ಣ ಯಾವಾಗಲೂ ಹೇಳುತ್ತಿದ್ದ ಆ ಮೂರನೇ ಹಾಡಿನ ನಡುವೆ ಒಂದು ಕಡೆ ಹಾಡುಗಾರನ ದನಿ ಎಳೆದು, ಕುಸಿದು, ಮತ್ತೆ ಏಳುತ್ತಿತ್ತು. ಅಣ್ಣನೂ ಅಲ್ಲಿ ಹಾಗೆಯೇ ಹಾಡುವುದನ್ನು ಕಲಿತ. ಅವನಿಂದ ಅತ್ತಿಗೆ, ನಾನು, ಮನೆಮಂದಿಯೆಲ್ಲ ಕಲಿತೆವು.

ಹೋದ ವರ್ಷ ಎದೆನೋವೆಂದು ಜಗಲಿಯಲ್ಲಿ ಕೂತ ಅಣ್ಣ ಮತ್ತೆ ಏಳಲಿಲ್ಲ. ಕ್ಯಾಸೆಟ್ಟು ಅದಕ್ಕೂ ಮೊದಲೇ ತುಂಡಾಗಿತ್ತು.

ಈ ಸಲ ಪಿತೃಪಕ್ಷಕ್ಕೆ ಕಳಸದಿಂದ ತವರಿಗೆ ಬಂದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವುದು ನಮ್ಮ ಪದ್ಧತಿ. ಕೋಳಿಸಾರು, ಕಡುಬು, ಅವನ ಬ್ರಾಂಡಿನ ಸಿಗರೇಟು, ಎಲ್ಲ ಇಟ್ಟಾಯಿತು. ಅತ್ತಿಗೆಗೆ ಆ ಹಾಡೂ ಬೇಕಿತ್ತು. ಅದಿಲ್ಲದಿದ್ದರೆ ಅವರು ಅರೆಹೊಟ್ಟೆಯಲ್ಲಿ ಹೋಗುತ್ತಾರೆ ಎಂದು ಹಟ ಹಿಡಿದರು. ಅಣ್ಣನ ಮಗಳು ಅದೇ ಹಾಡನ್ನು ಫೋನಿನಲ್ಲಿ ಹುಡುಕಿ ಹಾಕಿ, ಎಲೆಯ ಪಕ್ಕ ಇಟ್ಟು ಬಂದಳು. ಬಾಗಿಲು ಹಾಕಿದೆವು.

ಎಷ್ಟು ಚೊಕ್ಕವಾಗಿತ್ತು ಹಾಡು! ಆ ಜಾಗ ಬಂದಾಗ ಅತ್ತಿಗೆಯೂ ನಾನೂ ನಮಗೇ ತಿಳಿಯದೆ ದನಿ ಎಳೆದೆವು. ಒಳಗೆ ಹಾಡುತ್ತಿದ್ದವನು ಎಲ್ಲೂ ಕುಸಿಯಲಿಲ್ಲ. ನಮ್ಮನ್ನು ಹಿಂದೆ ಬಿಟ್ಟು ನೆಟ್ಟಗೆ ಮುಂದೆ ಹೋದ. ನನಗೆ ಅಳು ತಡೆಯಲಾಗಲಿಲ್ಲ.

ಅತ್ತಿಗೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ನಿಮ್ಮಣ್ಣಂಗೆ ಇದು ಗುರ್ತು ಸಿಗುತ್ತಾ ಮಾರಾಯ್ತಿ?" ಎಂದರು.