ಸುಳ್ಳು ಹಸಿರು

ಮರವಂತೆಯ ಲೀಲಾಧರರ ಮಗಳು ಧನ್ಯಶ್ರೀಗೆ ಬೇಗ ಹೇಸಿಗೆಯಾಗುವ ಸ್ವಭಾವವಲ್ಲ. ಮೀನು ಹಿಡಿದು, ಒಣಗಿಸಿ, ಮಾರುವ ಮನೆಯಲ್ಲಿ ಬೆಳೆದವಳು. ಬೂತಾಯಿ ಮೀನು ಕೊಳೆತ ಬುಟ್ಟಿಯನ್ನು ಮೂಗು ಮುಚ್ಚದೆ ತೊಳೆದಿಟ್ಟು ಕಾಲೇಜಿಗೆ ಹೊರಡುತ್ತಿದ್ದಳು. ಅಂಥವಳಿಗೆ ಹೊಟ್ಟೆ ತೊಳಸಿದಂತಾದದ್ದು ಕುಂದಾಪುರದ ಒಂದು ತಣ್ಣನೆಯ ಆಫೀಸಿನಲ್ಲಿ, ಕಂಪ್ಯೂಟರಿನ ಮುಂದೆ.

ಆಫೀಸು ಉಮಾನಾಥರದ್ದು. ಹೋಟೆಲ್ ನಡೆಸಿ ಕೈ ಕುದುರಿದ ಮೇಲೆ ಅವರು ಸಾಫ್ಟ್‌ವೇರಿಗೆ ಇಳಿದಿದ್ದರು. ಮೀನುಗಾರರ ಸಂಘಕ್ಕಾಗಿ ಅವರು ಮಾಡಿಸಿದ ಪ್ರೋಗ್ರಾಂ ಹವಾಮಾನದ ಅಂಕಿಗಳನ್ನು ಓದಿ, ಗಾಳಿ ಜೋರಾಗುವ ಸೂಚನೆಯಿದ್ದರೆ ದೋಣಿಯವರಿಗೆಲ್ಲ ಕಡಲಿಗಿಳಿಯಬೇಡಿ ಎಂದು ಮೆಸೇಜ್ ಕಳಿಸಬೇಕಿತ್ತು. ಕೆಲಸದವರೆಲ್ಲ ಬರೆದ ಕೋಡ್ ಒಂದೇ ಕಡೆ ಬಂದು ಸೇರುತ್ತಿತ್ತು. ಯಾರು ಏನೇ ಬದಲಿಸಿದರೂ ಕಂಪ್ಯೂಟರ್ ತಾನಾಗಿಯೇ ಅದನ್ನು ಪರೀಕ್ಷಿಸುವಂತೆ ಮಾಡಿದವಳು ಅಲ್ಲಿ ಕೆಲಸಕ್ಕಿದ್ದ ಧನ್ಯಶ್ರೀ. ಹಿಂದೊಮ್ಮೆ ಬೀಸಿದ ಬಿರುಗಾಳಿಯ ಅಂಕಿಗಳನ್ನು ಪ್ರೋಗ್ರಾಮಿಗೆ ಉಣಿಸಿ, ಮೆಸೇಜ್ ಹೋಗುತ್ತದೆಯೇ ಎಂದು ಅದು ನೋಡುತ್ತಿತ್ತು. ಹೋದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಕೆಂಪು ಬಂದ ಕೋಡ್ ಮುಂದೆ ಹೋಗುವಂತಿರಲಿಲ್ಲ.

ಉಮಾನಾಥರಿಗೆ ಆ ಹಸಿರು ವಿಪರೀತ ಹಿಡಿಸಿತು. ಬಾಗಿಲಲ್ಲೇ ದೊಡ್ಡ ಟಿವಿ ತೂಗುಹಾಕಿಸಿ, ಬಂದವರಿಗೆಲ್ಲ ತೋರಿಸತೊಡಗಿದರು. "ಕಾಣಿ, ನಮ್ದ್ ಒಂದೂ ತಪ್ಪಿಲ್ಲೆ!"

ಚಿಕ್ಕಮ್ಮನ ಮಗಳ ಮದುವೆ ಮುಗಿಸಿ ಧನ್ಯಶ್ರೀ ಕೆಲಸಕ್ಕೆ ಮರಳಿದ ದಿನ ಸಣ್ಣದೊಂದು ತಿದ್ದುಪಡಿ ಹಾಕಿದಳು. ಯಾವಾಗಲೂ ಒಂದು ಚಾ ಕುಡಿಯುವಷ್ಟು ಹೊತ್ತು ಹಿಡಿಯುತ್ತಿದ್ದ ಪರೀಕ್ಷೆ ರೆಪ್ಪೆ ಬಡಿಯುವುದರೊಳಗೆ ಮುಗಿದು ಹಸಿರಾಯಿತು. ಅನುಮಾನ ಬಂದು ಬಿಚ್ಚಿ ನೋಡಿದಳು. ಬಿರುಗಾಳಿಯ ಅಂಕಿಗಳು ಮಾಯವಾಗಿದ್ದವು. ಆ ಜಾಗದಲ್ಲಿ, ಏನು ಬಂದರೂ ಸರಿ ಎನ್ನುವ ಒಂದೇ ಸಾಲು ಕೂತಿತ್ತು. ಬರೆದವನು ಪಕ್ಕದ ಮೇಜಿನ ಅಜಿತ್.

"ಎಂತ ಇದ್ ಅಜಿತ್?"

"ಗಾಳಿ ಲೆಕ್ಕ ಈಗ ನಾಟಲ್ಲಿ ಬತ್ತ್ ಮಾರಾಯ್ತಿ. ಅದ್ಕೆ ಸ್ವಲ್ಪ ಬದ್ಲ್ ಮಾಡ್ದೆ. ಕೆಂಪ್ ಬಂತ್. ನಾಳೆ ಸಂಘದವ್ರ್ ಕಾಂಬುಕ್ ಬತ್ರ್, ಹಸ್ರ್ ಮಾಡ್ ಅಂದ್ರ್ ಸರ್."

"ಕೋಡ್ ಸರಿ ಮಾಡುಕ್ ಹೇಳದ್ದಾ, ಪರೀಕ್ಷೆ ಕೊಲ್ಲುಕ್ ಹೇಳದ್ದಾ?"

ಅಜಿತ್ ಮುಖದ ಮೇಲೆ ನಾಚಿಕೆಯ ಸುಳಿವೂ ಇರಲಿಲ್ಲ. "ಒಳ್ಗ್ ಹೊಕ್ಕಿ ಯಾರ್ ಕಾಂತ್ರ್?" ಎಂದು ನಕ್ಕ.

ಅವನು ಕೋಡಿನಲ್ಲಿ ಮಾಡಿದ್ದ ಬದಲಾವಣೆಯನ್ನು ಅವಳು ತೆರೆದು ನೋಡಿದಳು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು ಎರಡು ಕಿಲೋಮೀಟರ್ ವೇಗ; ನಾಟಿನಲ್ಲಿ ಬಂದ ವೇಗವನ್ನು ಅವನು ಕಿಲೋಮೀಟರ್ ಎಂದೇ ಓದಿಸಿದ್ದ. ದೋಣಿ ಮಗುಚುವ ಗಾಳಿ ಪ್ರೋಗ್ರಾಮಿನ ಕಣ್ಣಿಗೆ ಅದರ ಅರ್ಧದಷ್ಟೇ ಕಾಣುತ್ತಿತ್ತು. ಪರೀಕ್ಷೆ ಹಿಡಿದುಕೊಟ್ಟದ್ದು ಇದನ್ನೇ. ಇವರು ಅದರ ಬಾಯಿ ಮುಚ್ಚಿದ್ದರು.

ಅವಳು ಉಮಾನಾಥರ ಕೋಣೆಗೆ ಹೋದಾಗ ಅವರು ಗೋಳಿಬಜೆ ತಿನ್ನುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಬೆರಳಿನ ಚಟ್ನಿ ನೆಕ್ಕುತ್ತಾ, "ಮುಂದಿನ್ ವಾರ ಕಾಂಬ. ನೀ ಈಗ ಅದನ್ನ್ ಮುಟ್ಟುಕಾಗ," ಎಂದರು. ಅವಳು ತನ್ನ ಮೇಜಿಗೆ ಬಂದು ಕೂರುವಷ್ಟರಲ್ಲಿ ಕೋಡ್ ಇದ್ದ ಜಾಗಕ್ಕೆ ಅವಳ ಪ್ರವೇಶವೇ ಮುಚ್ಚಿಹೋಗಿತ್ತು. ಬಾಗಿಲಲ್ಲಿ ಟಿವಿ ಹಸಿರಾಗಿ ಹೊಳೆಯುತ್ತಿತ್ತು. ಗೋಳಿಬಜೆಯ ತಟ್ಟೆ ಅವಳ ಮುಂದೆಯೂ ಬಂತು. ಎಣ್ಣೆಯ ವಾಸನೆಗೆ ಅವಳಿಗೆ ವಾಕರಿಕೆ ಬಂದು ಎದ್ದು ಹೊರಗೆ ಹೋದಳು.

ಸಂಜೆ ಬಂದ ಹವಾಮಾನದ ಅಂಕಿಗಳನ್ನು ಅವಳೇ ಕಣ್ಣಾರೆ ನೋಡಿ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಯ್ಯ, ನಾಳೆ ಕಡ್ಲಿಗ್ ಹೋಪುದ್ ಬ್ಯಾಡ."

"ಮೆಸೇಜ್ ಬರ್ಲಿಲ್ಲೆ ಅಲ್ದಾ?"

"ಬಪ್ಪುದಿಲ್ಲೆ. ನಾ ಹೇಳ್ತಿದ್ದೆ, ಕೇಣಿ. ಎಲ್ಲರಿಗೂ ಹೇಳಿ."

ಲೀಲಾಧರ ಕೇರಿಯಲ್ಲೆಲ್ಲ ಹೇಳಿಬಂದರು. ಕೆಲವರು ಕೇಳಿದರು. ಮೆಸೇಜ್ ಬಾರದಿದ್ದರೆ ಕಡಲು ಶಾಂತ ಎಂದು ಅಷ್ಟರಲ್ಲಾಗಲೇ ನಂಬಿದ್ದವರು ಕೇಳಲಿಲ್ಲ. ಬೆಳಿಗ್ಗೆ ಹೋದ ದೋಣಿಗಳು ಗಾಳಿಗೆ ಸಿಕ್ಕಿ, ಬಲೆ ಬಿಟ್ಟು, ಹೇಗೋ ದಡ ಕಂಡವು. ಅಣ್ಣಯ್ಯ ಎಂಬವರ ದೋಣಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಮಗುಚಿತು. ಜೀವ ಉಳಿಯಿತು. ದೋಣಿಯ ಅಂಚಿಗೂ ಬಂಡೆಗೂ ನಡುವೆ ಸಿಕ್ಕ ಬಲಗೈ ಮಾತ್ರ ಮತ್ತೆಂದೂ ನೆಟ್ಟಗಾಗಲಿಲ್ಲ.

ಸಂಘದ ಸಭಾಂಗಣದಲ್ಲಿ ಸಭೆ ಸೇರಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ ಉಮಾನಾಥ ಮೈಕ್ ಹಿಡಿದರು. "ನಮ್ ಕಡಿಂದ ಮೆಸೇಜ್ ಹೋಯಿತ್. ನೀವ್ ಫೋನ್ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಟ್ಕಂಡ್ರೆ ಕಾಂತಾ?" ಹಿಂದೆ ಕೂತಿದ್ದ ಆಫೀಸಿನವರು ತಲೆಯಾಡಿಸಿದರು. ಅಜಿತನೂ ಆಡಿಸಿದ. ಕೈಗೆ ಪಟ್ಟಿ ಕಟ್ಟಿಕೊಂಡು ಎದುರಿಗೇ ಕೂತಿದ್ದ ಅಣ್ಣಯ್ಯ, ತಪ್ಪು ತನ್ನದೇ ಇರಬೇಕು ಎನ್ನುವಂತೆ ತಲೆ ತಗ್ಗಿಸಿದರು.

ಧನ್ಯಶ್ರೀಗೆ ತಡೆಯಲಾಗಲಿಲ್ಲ. ಸಾಲು ದಾಟಿ ಮುಂದೆ ಬಂದಳು.

"ಮೆಸೇಜ್ ಹೋಯ್ಲೇ ಇಲ್ಲೆ. ಹೋತಿಲ್ಲೆ ಅಂತ ಕಂಪ್ಯೂಟರ್ ಮುಂಚೆಯೇ ಹೇಳಿತ್ತ್. ಇವ್ರ್ ಅದ್ರ್ ಬಾಯ್ ಮುಚ್ಚಿ, ಹಸ್ರ್ ಬಣ್ಣ ಬಳ್ದ್ ನಿಮ್ಗ್ ತೋರ್ಸಿರ್. ಅಣ್ಣಯ್ಯ, ತಪ್ಪ್ ನಿಮ್ದಲ್ಲ."

ಕೂತಿದ್ದವರೆಲ್ಲ ಎದ್ದು ಕೂಗಾಡತೊಡಗಿದರು. ಉಮಾನಾಥ ಹಿಂಬಾಗಿಲಿನಿಂದ ಕಾರು ಹತ್ತಿದರು. ಸಂಘ ಅವರ ಜೊತೆಗಿನ ವ್ಯವಹಾರವನ್ನೇ ಬಿಟ್ಟಿತು. ಅವರು ಅವಳನ್ನು ಕೆಲಸದಿಂದ ಬಿಡಿಸಿದರು. ಅಜಿತನಿಗೆ ಬಡ್ತಿ ಸಿಕ್ಕಿತು ಎಂದು ಆಮೇಲೆ ತಿಳಿಯಿತು. ಆ ಸುದ್ದಿ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಬ್ರಹ್ಮಾವರದಲ್ಲಿ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಬರೆಯುವವರು ಸಂದರ್ಶನಕ್ಕೆ ಕರೆದರು. ಸಂಬಳಕ್ಕೂ ಮೊದಲು ಅವಳು ಕೇಳಿದ್ದು ಒಂದೇ: "ಕೆಂಪು ಬಂದಾಗ ಪರೀಕ್ಷೆಯನ್ನೇ ತೆಗೆದುಹಾಕುವ ಅಧಿಕಾರ ಇಲ್ಲಿ ಯಾರಿಗಿದೆ?" ಯಾರೊಬ್ಬರಿಗೂ ಇಲ್ಲ, ಯಜಮಾನರಿಗೂ ಇಲ್ಲ ಎಂದರು. ಸೇರಿಕೊಂಡಳು.

ಮರುವರ್ಷ ಹಟ್ಟಿಯಂಗಡಿಯಲ್ಲೊಂದು ಮದುವೆಯೂಟದ ಪಂಕ್ತಿಯಲ್ಲಿ ಉಮಾನಾಥ ಎದುರಾದರು. "ಹ್ವಾಯ್ ಧನ್ಯಶ್ರೀ, ಮಾತಾಡುದೇ ಇಲ್ಯಾ? ಆದ್ದ್ ಆಯ್ತಲೆ," ಎನ್ನುತ್ತಾ ತಮ್ಮ ಪಕ್ಕದ ಖಾಲಿ ಜಾಗ ತಟ್ಟಿದರು. ಬಡಿಸಿದ ಎಲೆ ಬಿಟ್ಟು ಅವಳು ಎದ್ದಳು. ಕೊನೆಯ ಪಂಕ್ತಿಯಲ್ಲಿ ಅಪ್ಪನ ಪಕ್ಕ ಹೋಗಿ ಕೂತಳು. ಅಲ್ಲಿ ಪಾಯಸ ಮುಗಿದಿತ್ತು. ಅನ್ನ, ಸಾರು ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡಳು.