ಹೊಸ ಯಂತ್ರಕ್ಕೆ ಕೇಳಲು ಕಲಿಸಿದಾಕೆ

ಅಥಣಿಯ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಚಿಕ್ಕೋಡಿಯಿಂದ ಒಬ್ಬ ಅಕ್ಕ ಬರುತ್ತಿದ್ದರು. ಚಹಾ ಬಸಿಗೆ ಸುರಿಯುತ್ತ, "ಮೊದಲ ಕೇಳ್ರಿ, ಆಮ್ಯಾಲ ಮಾಡ್ರಿ" ಎನ್ನುತ್ತಿದ್ದರು.

ಯಾರ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂಬ ಮಾಹಿತಿ ಮೂರು ಯಂತ್ರಗಳಲ್ಲಿ, ಒಂದರಲ್ಲಿದ್ದುದರ ನಕಲು ಇನ್ನೊಂದರಲ್ಲೂ ಇರುವಂತೆ, ಹಂಚಿಹೋಗಿತ್ತು. ಒಂದು ಕೆಟ್ಟಿತು. ಚೌಕಾಸಿ ಮಾಡಿ ತಂದ ಹೊಸದನ್ನು ನಾನೇ ಜೋಡಿಸಿ, ಸೀಡ್ ಪಟ್ಟಿಯಲ್ಲಿ, ಅಂದರೆ ಹೊಸಬರು ವಿಚಾರಿಸಬೇಕಾದ ಹಿರಿಯರ ಪಟ್ಟಿಯಲ್ಲಿ, ಅದರ ಹೆಸರನ್ನೇ ಬರೆದೆ. ಅದು ಯಾರನ್ನೂ ಕೇಳದೆ ಖಾಲಿ ಕುಳಿತುಬಿಟ್ಟಿತು. ಜುಗೂಳದ ರೈತನೊಬ್ಬ ಟೆಂಪೊ ತಂದು ಕಾಯುತ್ತಿದ್ದ. ತೆರೆಯ ಮೇಲೆ ಅವನ ಪೆಟ್ಟಿಗೆಗಳೇ ಇಲ್ಲ.

ಅಕ್ಕ ಬಂದು ನೋಡಿ ನಕ್ಕರು: "ಸಾವಕಾರ್ರ, ಹೊಸಾ ಸೊಸಿ ಬಂದ ದಿನಾನ ಯಜಮಾನ್ತಿ ಆದ್ರ, ಉಪ್ಪು ಎಲ್ಲೈತಿ ಅಂತ ಯಾರನ್ನ ಕೇಳ್ಬೇಕ್ರಿ?"

ಅದರ ಹೆಸರು ಅಳಿಸಿ, ಹಳೆಯ ಎರಡರ ಹೆಸರು ಬರೆದು ಮತ್ತೆ ಚಾಲು ಮಾಡಿದರು. ಹೊಸದು ಆ ಎರಡನ್ನೂ ಕೇಳಿ ಕೇಳಿ ಮಾಹಿತಿ ತುಂಬಿಕೊಂಡಿತು.

"ನಾಲ್ಕನೇ ಖೋಲಿ!" ಎಂದು ತೆರೆ ನೋಡಿ ನಾನೇ ಕೂಗಿದೆ. ರೈತ ಪೆಟ್ಟಿಗೆ ಹೇರಿಕೊಂಡು ಹೊರಟ ಮೇಲೆಯೇ ಅಕ್ಕ ಹೊಸದನ್ನು ಹಿರಿಯರ ಪಟ್ಟಿಗೆ ಸೇರಿಸಿದ್ದು.