ಅಂಚು ಹಾಕಿದ ಉಣ್ಣೆ

ನಿರ್ಮಲಾ ನನ್ನ ಗಾಡಿ ಹತ್ತಿದಳೆಂದರೆ ನನಗೆ ತಲೆಶೂಲೆ. ಬಬಲೇಶ್ವರದಿಂದ ವಿಜಯಪುರ ಮುಟ್ಟುವ ತನಕ ಆಕೆಯ ಬಾಯಿಗೆ ಬಿಡುವಿಲ್ಲ. ಒಂದು ಕಡೆ ಫೋನು, ಇನ್ನೊಂದು ಕಡೆ ನಾನು. ನಡುವೆ ಕುರಿ ಹಿಂಡು ಕಂಡರೆ "ಅಣ್ಣಾ, ತಡಿ ತಡಿ" ಎಂದು ಸ್ಟಿಯರಿಂಗಿಗೇ ಕೈ ಹಾಕುತ್ತಾಳೆ. ನಾನು ಶಿವಾಜಿ, ಗೂಡ್ಸ್ ಗಾಡಿ ಹೊಡೆದು ಹೊಟ್ಟೆ ಹೊರೆಯುವವನು. ದ್ರಾಕ್ಷಿ ಕ್ರೇಟು, ಅರಳೆ ಚೀಲ, ಮದುವೆಯ ಪಾತ್ರೆ, ಯಾವುದು ಬಂದರೂ ಹೇರುತ್ತೇನೆ. ಆದರೆ ಇಷ್ಟು ಚಡಪಡಿಸುವ ಗಿರಾಕಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ.

ಆಕೆ ಮಮದಾಪುರದ ಕುರಿಗಾರರ ಮಗಳು. ಬಬಲೇಶ್ವರಕ್ಕೆ ಕೊಟ್ಟಿದ್ದಾರೆ. ಗಂಡ ಸೋಮು ಊರಿಗೆ ನಳದ ನೀರು ಬಿಡುವವ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಈಕೆಯೇ ಆಡುತ್ತಾಳೆ. ಒಂದು ಬೇಸಿಗೆಯಲ್ಲಿ ತವರಿಗೆ ಹೋದಾಗ ಹಿತ್ತಲ ಬೇಲಿಯ ಮೇಲೆ ಉಣ್ಣೆಯ ರಾಶಿ ಕಂಡಳಂತೆ. ಅದರಲ್ಲಿ ಹೊಸದೇನಿಲ್ಲ. ಕಂಬಳಿ ಕೊಳ್ಳುವವರು ಕಡಿಮೆಯಾದ ಮೇಲೆ ನಮ್ಮ ಕಡೆ ಕುರಿಯ ಮೈ ಹಗುರಾಗಲೆಂದು ಉಣ್ಣೆ ಕತ್ತರಿಸುತ್ತಾರೆ, ಬೇಲಿಗೆ ಒಗೆಯುತ್ತಾರೆ. ಆದರೆ ಆ ರಾಶಿಯ ಬುಡದಲ್ಲಿದ್ದ ಲಿಂಬಿಯ ಸಸಿ ಮಾತ್ರ ಹಸಿರಾಗಿತ್ತು, ಉಳಿದವೆಲ್ಲ ಸುಟ್ಟುಹೋಗಿದ್ದವು. ಉಣ್ಣೆ ಸರಿಸಿ ಮಣ್ಣಿಗೆ ಕೈ ಇಟ್ಟಳು. ಹಸಿ ಇತ್ತು.

ಮರುದಿನ ನನ್ನ ಗಾಡಿಯ ಮುಂದೆ ಹಾಜರು. "ಶಿವಾಜಿ ಅಣ್ಣಾ, ಉಣ್ಣಿ ಹಿಂಜೂ ಮಷೀನು ಯಾರ ಹಂತ್ಯಾಕ ಐತಿ?"

ನನಗೆ ಎಲ್ಲಿ ಗೊತ್ತು? ಆದರೆ ಗೋಳಗುಮ್ಮಟದ ಹಿಂದೆ ಗಾದಿ ಮಾಡುವ ಚಮನಸಾಬನಿಗೆ ನಾನೇ ಅರಳೆ ಒಯ್ದು ಹಾಕುತ್ತಿದ್ದೆ. ಅವನ ಹತ್ತಿರ ಅರಳೆ ಹಿಂಜುವ ಮಷೀನು ಇತ್ತು. ಕರೆದುಕೊಂಡು ಹೋದೆ. "ಅರಳಿ ಹಿಂಜೂ ಮಷೀನಿಗೆ ಕುರಿ ಕೂದಲಾ ಹಾಕ್ತೀಯೇನವಾ? ಹಲ್ಲ ಮುರೀತಾವ" ಎಂದು ಆತ ಬೈದ. ಈಕೆ ಅಲ್ಲೇ ಕೂತು ಆತನ ಹೆಂಡತಿ ಇಮಾಮಬಿಯ ಮಂಡಿನೋವು ಕೇಳಿದಳು, ಮಗಳ ನಿಕಾ ಕೇಳಿದಳು, ಚಹಾ ಕುಡಿದಳು. ಎದ್ದು ಬರುವಷ್ಟರಲ್ಲಿ ಮಷೀನಿನ ಹಲ್ಲು ಬದಲಿಸಿ ನೋಡುತ್ತೇನೆಂದು ಆತ ಒಪ್ಪಿದ್ದ. ಹಿಂಜಿದ ಉಣ್ಣೆಗೆ ಬಿಸಿನೀರು ಚಿಮುಕಿಸಿ, ಸುತ್ತಿ, ತುಳಿದು, ಮೇಲೆ ಹುಣಸೆಬೀಜದ ಗಂಜಿ ಬಳಿದರೆ ದಪ್ಪ ಚಾಪೆಯಾಗುತ್ತದೆಂದು ಕಂಡುಕೊಂಡದ್ದು ಅವರಿಬ್ಬರೂ ಕೂಡಿ. ನನ್ನ ಪಾಲಿಗೆ ಬಂದದ್ದು ಗಾಡಿಯ ತುಂಬ ಕುರಿ ವಾಸನೆ.

ಮುಂದೆ ತಿಕೋಟಾದ ಶಿವಶರಣಪ್ಪ ಸಾವಕಾರರು. ಅವರ ದ್ರಾಕ್ಷಿಗೂ ನನ್ನದೇ ಗಾಡಿ. ಬೇಸಿಗೆ ಬಂದರೆ ಟ್ಯಾಂಕರಿನ ನೀರಿಗೆ ಕಾಯ್ದು ಕಾಯ್ದು ಅವರ ಕಣ್ಣು ಕೆಂಪಗಿರುತ್ತಿದ್ದವು. ಬಳ್ಳಿಯ ಬುಡಕ್ಕೆ ಚಾಪೆ ಹಾಸಿದರೆ ಹನಿ ನೀರು ಆರುವುದಿಲ್ಲ ಎಂದು ನಿರ್ಮಲಾ ಹೇಳಿದಾಗ ನಕ್ಕರು. "ನನ್ನ ಬಳ್ಳಿಗೆ ಥಂಡಿ ಹತ್ತೈತೇನು, ಹೊಚ್ಚಾಕ?" ನಕ್ಕರೂ ಒಂದು ಸಾಲು ಬಿಟ್ಟುಕೊಟ್ಟರು. ಒಂದು ಸಾಲು ಮುಂದಿನ ಬೇಸಿಗೆಯ ಹೊತ್ತಿಗೆ ಅರ್ಧ ತೋಟವಾಯಿತು. ಅಕ್ಕಪಕ್ಕದ ತೋಟದವರೂ ಬಂದು ಕೇಳತೊಡಗಿದರು.

ಈಗ ಜನ ಆಕೆಯ ತಲೆಯನ್ನು ಹೊಗಳುತ್ತಾರೆ. ತಲೆಯಂತೆ, ತಲೆ! ಆಕೆಗೆ ಇದ್ದದ್ದು ಕಂಡಕಂಡವರನ್ನು ಕೇಳುವ ಚಟ. ಅದಕ್ಕಿಂತ ದೊಡ್ಡ ಆಸ್ತಿ ಎಂದರೆ ಆಕೆಯ ತಾಯಿಯ ಒಡಹುಟ್ಟಿದವ, ಸ್ವಾದರಮಾವ ಅಮೋಘಿ. ಆ ಭಾಗದ ಕುರಿಗಾರರಲ್ಲಿ ಹಿರಿಯ. ಯಾವ ಊರಿನ ಹೊಲದಲ್ಲಿ ಯಾರ ಹಿಂಡು ತರುಬಬೇಕು, ಅಂದರೆ ರಾತ್ರಿ ಬೀಡು ಬಿಡಬೇಕು, ಯಾವ ರೈತ ಗೊಬ್ಬರಕ್ಕಾಗಿ ಯಾರನ್ನು ಕರೆಯುತ್ತಾನೆ, ಎಲ್ಲ ಅವನ ನಾಲಿಗೆಯ ಮೇಲೆ. "ನಮ್ಮ ಹುಡುಗಿಗೆ ಉಣ್ಣಿ ಕೊಡ್ರಿ" ಎಂದು ಅವನು ಒಂದು ಮಾತು ಹೇಳಿದ್ದ. ಅಷ್ಟಕ್ಕೇ ಹಿಂಡು ಹಿಂಡಿನಿಂದ ಚೀಲ ಬರತೊಡಗಿದ್ದವು. ಆ ಮಾತು ಇಲ್ಲದಿದ್ದರೆ ನಿರ್ಮಲಾ ಚಾಪೆ ಮಾಡಲು ಹಾಕಿಸಿದ ಶೆಡ್ಡಿಗೆ ಬೀಗ.

ಈ ವರ್ಷ ಅದೇ ಆಗುವುದರಲ್ಲಿತ್ತು.

ಮೊದಲ ಚಾಪೆಗಳಿಗೆ ಒಂದು ದೋಷವಿತ್ತು. ಗಾಳಿಗೆ ತುದಿ ಎದ್ದು ಎಳೆ ಬಿಚ್ಚುತ್ತಿತ್ತು. ಅದಕ್ಕೆ ನಿರ್ಮಲಾ ಸುತ್ತಲೂ ಕರಿ ಉಣ್ಣೆಯ ನೂಲಿನಿಂದ ಅಂಚು ಹೊಲಿದಳು. ಚಂದ ಕಂಡಿತು, ಗಟ್ಟಿಯೂ ಆಯಿತು. ತನ್ನ ಕೈ ಏನು ಮಾಡಿತು ಎಂದು ಆಕೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಕೆಲಸ, ಕೈ ತಾನಾಗಿಯೇ ಹೋಯಿತು. ಶಿವಶರಣಪ್ಪನವರು ಖುಷಿಯಾಗಿ, ಕೆಸರು ಮೆತ್ತಿದ ಚಪ್ಪಲಿಯಲ್ಲೇ ಆ ಚಾಪೆಯ ಮೇಲೆ ನಿಂತು, ಕಾಲಿನಿಂದ ಒತ್ತಿ ಒತ್ತಿ ತೋರಿಸಿ ಒಂದು ವಿಡಿಯೋ ಮಾಡಿದರು. ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಆರ್ಡರುಗಳ ಸುರಿಮಳೆ. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸುವುದರೊಳಗೆ ನಮಗೂ ಬೇಕು, ನಮಗೂ ಬೇಕು. ನಿರ್ಮಲಾ ಕುಣಿದಾಡಿಬಿಟ್ಟಳು.

ಉಣ್ಣೆ ತರಲು ಹೋದೆವು. ಮೊದಲ ಹಿಂಡಿನವ "ಈ ಸಲ ಉಣ್ಣಿ ಇಲ್ಲ" ಎಂದ. ಅವನ ಹಿಂದೆಯೇ ಕತ್ತರಿಸಿದ ಉಣ್ಣೆ ರಾಶಿ ಬಿದ್ದಿತ್ತು. ಎರಡನೆಯವ ಮುಖ ತಿರುಗಿಸಿದ. ಮೂರನೆಯವ ಫೋನೇ ಎತ್ತಲಿಲ್ಲ. ಖಾಲಿ ಗಾಡಿ ಬಬಲೇಶ್ವರದ ರಸ್ತೆಯಲ್ಲಿ ಗಡಗಡ ಎನ್ನುತ್ತಿತ್ತು. ಆಕೆ ಒಂದು ನಂಬರಾದ ಮೇಲೆ ಇನ್ನೊಂದು ಒತ್ತುತ್ತಿದ್ದಳು, ಕತ್ತರಿಸುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. "ಏನಾಗೇತಿ ಇವರಿಗೆ? ನಾ ಯಾರಿಗೇನ ಅಂದೀನಿ?" ಎಂದು ನನ್ನನ್ನೇ ತಿವಿದಳು. ನನಗೂ ಸಿಟ್ಟು ಬಂತು. "ನನ್ನ ಕೇಳಿದರ? ನಾ ಡ್ರೈವರ್ ಅದೀನಿ, ಜ್ಯೋತಿಷಿ ಅಲ್ಲ" ಎಂದೆ.

ಕೊನೆಗೆ ಅತ್ತೆ ರೇಣುಕವ್ವನೇ ಫೋನು ಮಾಡಿದಳು, ಅಮೋಘಿಯ ಹೆಂಡತಿ. "ನಿರ್ಮಲಾ, ನಿಮ್ಮ ಮಾವ ಆ ವಿಡಿಯೋ ನೋಡ್ಯಾನ ಬೇ. ನಿನ್ನಿಯಿಂದ ರೊಟ್ಟಿ ಮುಟ್ಟಿಲ್ಲ. ಅರಕೇರಿ ಹಂತ್ಯಾಕ ತರುಬೇವಿ. ಬಾ ಲಗೂನ."

ಅರಕೇರಿಯ ಹೊಲದಲ್ಲಿ ಹಿಂಡು ಸುತ್ತ ಗೂಟಕ್ಕೆ ಕಟ್ಟಿದ ಬಲೆಯೊಳಗೆ ನಿಂತಿತ್ತು. ಅಮೋಘಿ ಬದುವಿನ ಮೇಲೆ ಕೂತಿದ್ದ. ನಮ್ಮನ್ನು ನೋಡಿ ಏಳಲಿಲ್ಲ, ಬಾ ಎನ್ನಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಆಕೆಯ ಮುಂದೆ ಹಿಡಿದ.

"ಇದೇನಿದು? ಹೇಳು."

"ಕಂಬಳಿ, ಮಾವಾ."

"ಗದ್ದಿಗಿ ಹಾಕಿ ಇದರ ಮ್ಯಾಲ ದೇವರನ್ನ ಕುಂದರಸ್ತೇವಿ. ಕೂಸು ಹುಟ್ಟಿದರ ಇದರಾಗ ಮಲಗಸ್ತೇವಿ. ನೀ ಅಂಚು ಹಾಕಿ ಕಂಬಳಿ ಮಾಡಿ ಕೆಸರಾಗ ಹಾಸಿದಿ. ಮ್ಯಾಲ ಚಪ್ಪಲಿ ಕಾಲಾಗ ತುಳಸಿದಿ. ಊರೂರ ಮಂದಿ ನನಗ ಫೋನ್ ಹಚ್ಚಿ ಕೇಳಾಕತ್ತಾರ, ನಿಮ್ಮ ಹುಡುಗಿಗೆ ಬುದ್ಧಿ ಹೇಳೂರು ಯಾರೂ ಇಲ್ಲೇನಂತ. ಏನ ಹೇಳ್ಲಿ ನಾ?"

ಆಗ ಆಕೆಗೆ ತಿಳಿಯಿತು. ಮುಖ ಬಿಳಚಿತು. ಅಂಚು ಹಾಕದಿದ್ದರೆ ಅದು ಬರೀ ಉಣ್ಣೆ, ಅಂಚು ಹಾಕಿದರೆ ಕಂಬಳಿ. ಕುರಿಗಾರರ ಮನೆಯ ಕೂಸಿಗೂ ಗೊತ್ತಿರುವ ಮಾತು ಈಕೆಗೆ ಮರೆತುಹೋಗಿತ್ತು.

"ನನ್ನ ತಪ್ಪ ಮಾವಾ. ಅಂಚು ಬಿಚ್ಚಸ್ತೇನಿ, ಎಲ್ಲಾ ಬಿಚ್ಚಸ್ತೇನಿ" ಎಂದಳು.

"ಬಿಚ್ಚು. ಉಣ್ಣಿ ಮಾತ್ರ ಕೇಳಬ್ಯಾಡ. ಇನ್ನ ನಮ್ಮ ಹಿಂಡಿಂದ ಒಂದ ಎಳಿ ಬರಾಂಗಿಲ್ಲ."

ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದ ರೇಣುಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ನಾನು ಆಕೆಯನ್ನು ಅಷ್ಟು ಸಿಟ್ಟಿನಲ್ಲಿ ಕಂಡಿರಲಿಲ್ಲ. "ಎಷ್ಟ ವರ್ಷ ಆತು ಬೇಲಿಗೆ ಒಗಿಯಾಕತ್ತಿ? ನಾಯಿ ಮಲಗ್ತಿತ್ತು, ಮಳಿಗೆ ಕೊಳೀತಿತ್ತು. ಆಗ ಎಲ್ಲಿ ಹೋಗಿತ್ತು ನಿನ್ನ ಮಾನ? ಹುಡುಗಿ ಎತ್ತಿಕೊಂಡ ಮ್ಯಾಲ ದೇವರ ನೆನಪಾತೇನು?"

ಕುರಿಯೊಂದು ಕೆಮ್ಮಿತು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಮನೆಯ ಜಗಳದಲ್ಲಿ ಹೊರಗಿನವನಿಗೆ ಏನು ಕೆಲಸ? ನಿರ್ಮಲಾ ಮಾತ್ರ ಮಾವನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಉಣ್ಣಿ ಕೊಡಬ್ಯಾಡ. ಒಮ್ಮೆ ತ್ವಾಟಕ್ಕ ಬಾ. ನೋಡಿದ ಮ್ಯಾಲ ಬೈ, ಬೇಕಾದರ ಹೊಡಿ" ಎಂದಳು. ಬಹಳ ಹೊತ್ತಾದ ಮೇಲೆ ಅವನು ಕಂಬಳಿ ಹೆಗಲಿಗೆ ಹಾಕಿ ನನ್ನ ಗಾಡಿ ಹತ್ತಿದ.

ತಿಕೋಟಾ ತನಕ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಕೆ ನಡುವಿನ ಸೀಟಿನಲ್ಲಿ ಸೆರಗಿನ ತುದಿ ತಿರುವುತ್ತಿದ್ದಳು. ಗಾಡಿಯಲ್ಲಿ ಅಂಥ ಮೌನ ನನಗೆ ಅಭ್ಯಾಸವಿಲ್ಲ. ಸುಮ್ಮನೆ ಎರಡು ಸಲ ಹಾರ್ನ್ ಹೊಡೆದೆ.

ತೋಟದ ಬಾಗಿಲಲ್ಲಿ ಶಿವಶರಣಪ್ಪನವರಿಗೆ ವಿಷಯ ಹೇಳಿದೆವು. ಅವರಿಗೆ ನಾಚಿಕೆಯಾಯಿತು. "ನನಗೇನ ಗೊತ್ತರೀ ಯಜಮಾನ್ರ, ಚಂದ ಐತಂತ ನಿಂತೆ. ಗುಂಪಿನಾಗಿಂದ ವಿಡಿಯೋ ಈಗ ಅಳಸ್ತೇನಿ" ಎಂದು ಫೋನು ತಡವರಿಸಿದರು. ಅಮೋಘಿ ಅವರ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಳ್ಳಿಗಳ ಸಾಲಿನೊಳಗೆ ಹೋಗಿ, ಚಾಪೆಯ ಮುಂದೆ ನಿಂತು, ಬಗ್ಗಿ ಅಂಚನ್ನು ಬೆರಳಿನಿಂದ ಸವರಿದ. ನಿರ್ಮಲಾಳ ಉಸಿರು ನನಗೆ ಕೇಳುತ್ತಿತ್ತು. ಆಮೇಲೆ ಅವನು ಚಾಪೆ ಎತ್ತಿ ಮಣ್ಣಿಗೆ ಕೈ ಹಾಕಿದ. ಹಸಿಮಣ್ಣು ಮುಷ್ಟಿಯಲ್ಲಿ ಉಂಡೆಯಾಯಿತು. ಎದ್ದು, ಚಾಪೆಯಿಲ್ಲದ ಸಾಲಿಗೆ ಹೋಗಿ ಅಲ್ಲಿಯೂ ಕೆದರಿದ. ಹೆಂಟೆ ಒಡೆದು ಧೂಳು ಹಾರಿತು.

ಆ ಉಂಡೆಯನ್ನು ಹಿಡಿದುಕೊಂಡೇ ಅವನು ಸಾಲಿನ ನಡುವೆ ನಿಂತ. "ಎಂಥಾ ಮಾಲು ಬೇಲಿಗೆ ಒಗದೆವಲ್ಲೋ, ಯಪ್ಪಾ" ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಕಣ್ಣು ತುಂಬಿದ್ದವು.

ನಿರ್ಮಲಾ ಹತ್ತಿರ ಹೋಗಲು ಹೆದರಿದಳು. ದೂರದಿಂದಲೇ "ಅಂಚು ತಗದರ ಗಾಳಿಗೆ ಏಳ್ತೈತಿ ಮಾವಾ. ಏನ ಮಾಡ್ಲಿ?" ಎಂದು ಕೇಳಿದಳು. ನೋಡಿ, ಆ ಹೊತ್ತಿನಲ್ಲೂ ಆಕೆಗೆ ಅದೇ ಚಿಂತೆ!

"ಕುರಿ ಸುತ್ತ ಬಲೆ ಹೆಂಗ ನಿಲ್ಲಸ್ತೇವಿ? ಗೂಟ ಬಡದು. ಜಾಲಿ ಗೂಟ ಸಣ್ಣಗ ಕೆತ್ತಿ ನಾಕೂ ಮೂಲಿಗೆ ಬಡಿ. ಇಷ್ಟ ತಿಳಿಯಾಂಗಿಲ್ಲ?" ಎಂದು ಗದರಿದ. ಅವನು ಗದರಿದ್ದೇ ತಡ, ಆಕೆ ಗೊಳೋ ಎಂದು ಅತ್ತುಬಿಟ್ಟಳು.

ಅಮೋಘಿ ಮಣ್ಣಿನ ಕೈಯನ್ನು ಧೋತರಕ್ಕೆ ಒರೆಸಿ ಫೋನು ತೆಗೆದ. ಮೊದಲು ಮಮದಾಪುರಕ್ಕೆ ಹಚ್ಚಿದ. "ಉಣ್ಣಿ ಚೆಲ್ಲಬ್ಯಾಡ್ರಿ. ಶಿವಾಜಿ ಗಾಡಿ ಬರತೈತಿ, ಹೇರಿ ಕಳಸ್ರಿ" ಎಂದ. ಆ ಕಡೆಯವ ಏನೋ ಜೋರಾಗಿ ಕೇಳಿದ. ಬಹುಶಃ ವಿಡಿಯೋದ ಮಾತೇ ಇರಬೇಕು. ಮುದುಕ ಎಲ್ಲರಿಗೂ ಕೇಳುವಂತೆ ಹೇಳಿದ:

"ಅಕಿನ್ನ ಬೈಬ್ಯಾಡೋ. ತಾಯಿ ಇಲ್ಲದ ಕೂಸು ನನ್ನ ಮಗ್ಗಲಾಗ ಕುಂತ ಬೆಳೀತು. ಅಂಚು ಹಾಕೂದು ಅಕಿಗೆ ಕಲಿಸಿದಾಂವ ನಾ."